ಟಪಾಲ ಡಬ್ಬಿ ನಮ್ಮದು, ಕೀಲಿಕೈ ಯಾರ ಕೈಯಾಗ?

ಸಿಟ್ಟಿಗೇಳಬ್ಯಾಡ್ರಿ, ಇವತ್ತ ಸ್ವಲ್ಪ ಜೋರಾಗೇ ಹೇಳ್ತೀನಿ. ಅಡಗಿಮನ್ಯಾಗ ಯಾವ ಡಬ್ಬ್ಯಾಗ ಏನದ ಅಂತ ಕಣ್ಣ ಮುಚ್ಚಿ ಹೇಳೂ ನಾವು, ನಮ್ಮ ಹೆಸರಿನ ಪತ್ರ ಯಾವ ಡಬ್ಬ್ಯಾಗ ಬೀಳತದ ಅಂತ ಕೇಳಿದ್ರ ಮಗನ ಮಾರಿ ನೋಡ್ತೀವಿ. ಬ್ಯಾಂಕಿನ ಫಾರ್ಮಿನ್ಯಾಗ ಈಮೇಲ್ ಅಂತ ಇದ್ದಲ್ಲೆ ಗಂಡಂದು ಬರಸ್ತೀವಿ, ಗ್ಯಾಸಿಗೆ ಮಗಂದು, ಪಾಸ್‌ಪೋರ್ಟಿಗೆ ಅಳಿಯಂದು. ಹಿಂಗಾಗಿ ನಮ್ಮ ಎಫ್‌ಡಿ ಯಾವಾಗ ಮುಗೀತದ, ನಮ್ಮ ವಿಮಾ ಕಂತು ಯಾವಾಗ ತುಂಬಬೇಕು ಅನ್ನೂದು ನಮ್ಮನ್ನ ಬಿಟ್ಟು ಮನಿ ಮಂದಿಗೆಲ್ಲಾ ಗೊತ್ತಿರತದ. ಇದು ಸರಿ ಅಲ್ಲ. ಪ್ರತಿಯೊಬ್ಬ ಹೆಣ್ಣಮಗಳಿಗೂ ತಂದೇ ಆದ ಒಂದು ಈಮೇಲ್ ಬೇಕು. ಅದರ ಪಾಸ್‌ವರ್ಡ್ ಆಕಿ ಕೈಯಾಗ ಇರಬೇಕು. ಅದರಾಗಿನ ಪತ್ರಗಳದೊಂದು ಪ್ರತಿ ಆಕಿ ಮನ್ಯಾಗ ಇರಬೇಕು. ಇಷ್ಟ ನನ್ನ ಮಾತು.

ನಮ್ಮ ಓಣ್ಯಾಗ ಒಬ್ಬಾಕಿಗೆ ಆದದ್ದು ನೋಡ್ರಿ. ಗಂಡ ಏಕಾಏಕಿ ಹೋದ್ರು. ಬ್ಯಾಂಕು, ವಿಮಾ, ಮನಿ ತೆರಿಗಿ, ಎಲ್ಲಾ ಅವರ ಈಮೇಲಿಗೇ ಬರತಿತ್ತು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಹೊಸಾದು ಮಾಡಬೇಕಂದ್ರ ಅವರ ಮೊಬೈಲ್ ನಂಬರಿಗೆ ಕೋಡ್ ಬರತದ. ಆ ದುಃಖದಾಗ ಆ ಸಿಮ್‌ಗೆ ಯಾರೂ ರೀಚಾರ್ಜ್ ಮಾಡಿರಲಿಲ್ಲ, ನಂಬರ್ ಬಂದ್ ಆಗಿತ್ತು. ಆಕಿ ಹೆಸರಿನ್ಯಾಗನ ಇದ್ದ ಒಂದು ಪಾಲಿಸಿ ಎಂಟು ತಿಂಗಳಾದ ಮ್ಯಾಲೆ, ಟ್ರಂಕಿನ ತಳದಾಗ ಹಳೇ ಕಾಗದದ ಬಾಂಡ್ ಸಿಕ್ಕಾಗ ಗೊತ್ತಾತು. ಅಷ್ಟರಾಗ ಕಂತು ತಪ್ಪಿತ್ತು. ಬರೇ ಕಾಗದ ಉಳಿಸಿದ ಟ್ರಂಕ್ ಆಕಿಗೆ ಆಸರ ಆತು, ಕಂಪ್ಯೂಟರ್ ಆಗಲಿಲ್ಲ.

"ವಾಟ್ಸಾಪ್ ಅದ ಅಲ್ಲ, ಮತ್ತ ಈಮೇಲ್ ಯಾಕ?" ಅಂತೀರಿ. ವಾಟ್ಸಾಪ್ ಅಂದ್ರ ಕಟ್ಟಿ ಮ್ಯಾಲೆ ಕೂತು ಮಾತಾಡಿದಂಗ. ಮಾತಿಗೆ ಛಲೋ, ದಾಖಲೆಗಲ್ಲ. ಅದು ಫೋನ್ ನಂಬರಿಗೆ ಕಟ್ಟಿದ್ದು. ರೀಚಾರ್ಜ್ ನಿಂತ್ರ ನಂಬರ್ ಹೋಗತದ, ಮುಂದ ಅದು ಮತ್ತ ಯಾರಿಗೋ ಸಿಗತದ. ಈಮೇಲ್ ಹಂಗಲ್ಲ. ರೇ ಟಾಮ್ಲಿನ್ಸನ್ ಅನ್ನಾವರು 1971ರಾಗ ಆ @ ಗುರ್ತು ಹಚ್ಚಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕ ಪತ್ರ ಕಳಸಿದರು. ಅವತ್ತಿಂದ ಇವತ್ತಿನ ತನಕ ಲೆಕ್ಕ ಒಂದ. ಗುರ್ತಿನ ಮೊದಲ ನಿಮ್ಮ ಹೆಸರು, ಆಮ್ಯಾಲೆ ನಿಮ್ಮ ಟಪಾಲ ಕಚೇರಿ ಹೆಸರು. ಯಾವ ಕಚೇರಿಯಿಂದ ಯಾವ ಕಚೇರಿಗರೆ ಬರೀರಿ, ಹೋಗಿ ಮುಟ್ಟತದ. ಅಂದಮ್ಯಾಲೆ ಎಲ್ಲಾರೂ ಒಂದ ದೊಡ್ಡ ಕಂಪನಿ ಬಾಗಿಲಿಗೆ ಸಾಲಹಚ್ಚಿ ನಿಲ್ಲೂ ಗರಜು ಏನದ?

"ಫುಕಟ ಸಿಗೂವಾಗ ರೊಕ್ಕ ಯಾಕ ಕೊಡಬೇಕು?" ಇದು ಎರಡನೇ ಪ್ರಶ್ನೆ, ಮತ್ತ ಇದನ್ನ ಕೇಳೂವಾಗ ಎಲ್ಲಾರೂ ನನ್ನ ಕಡೆ ಹುಚ್ಚಿ ಅನ್ನೂಹಂಗ ನೋಡ್ತಾರ. ಜಿಮೇಲ್ 2004ರ ಏಪ್ರಿಲ್ 1ಕ್ಕ ಬಂತು. 1 ಜಿಬಿ ಜಾಗಾ ಫುಕಟ ಅಂದಾಗ ಮಂದಿ ಏಪ್ರಿಲ್ ಫೂಲ್ ಅಂದಿದ್ರು. ಅವರು ನಮ್ಮ ಪತ್ರದಾಗಿನ ಶಬ್ದ ನೋಡಿ ಜಾಹೀರಾತು ತೋರಸ್ತಿದ್ರು. ಅದನ್ನ ಬಿಡ್ತೀವಿ ಅಂತ ಹೇಳಿದ್ದು 2017ರಾಗ. ಹದಿಮೂರು ವರ್ಷ! ನಮ್ಮ ಪತ್ರ ಒಡದು ಓದಿ ಕೊಡೂ ಪೋಸ್ಟ್‌ಮನ್ ಬಂದಿದ್ರ ನಾವು ಕಸಬರಿಗಿ ತಗೊಂಡು ಓಡಸ್ತಿದ್ವಿ. ಎರಡು ವರ್ಷ ಮುಟ್ಟದ ಖಾತೆ ತಗದು ಹಾಕತೀವಿ ಅಂತ 2023ರಾಗ ಗೂಗಲ್ ಹೇಳ್ಯದ. ಈಗ ಕೊಡೂ 15 ಜಿಬಿ ಜಾಗಾದಾಗ ಪತ್ರ, ಫೋಟೋ, ಕಡತ ಎಲ್ಲಾ ಕೂಡೇ ಇರಬೇಕು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಅದರಾಗ. ಅಂದ್ರ ನಿಮ್ಮ ವೈನಿ ದಿನಾ ಕಳಸೂ ಗುಡ್ ಮಾರ್ನಿಂಗ್ ಗುಲಾಬಿ ಹೂವ ಜಾಗಾ ತುಂಬಿದ್ರ, ಬ್ಯಾಂಕಿನ ಪತ್ರ ಒಳಗ ಬರಂಗಿಲ್ಲ.

ಅದಕ್ಕ ನಾ ಸಣ್ಣ ಟಪಾಲ ಕಚೇರಿ ಹಿಡದೀನಿ. ನನ್ನ ಮಗಳು ಜರ್ಮನ್ಯಾಗ ಇರೂದ್ರಿಂದ ಆಕಿ ಬಳಸೂ ಪೋಸ್ಟಿಯೋ ಅನ್ನೂದನ್ನ ನನಗೂ ಮಾಡಿಕೊಟ್ಟಳು. 2009ರಾಗ ಬರ್ಲಿನ್ನಿನಾಗ ಶುರುವಾದದ್ದು. ತಿಂಗಳಿಗೆ 1 ಯೂರೋ, ಅಂದ್ರ ನಮ್ಮ ನೂರು ರೂಪಾಯಿ ಆಸುಪಾಸು. ಎರಡು ಸಲ ಗಿರಮಿಟ್-ಮಿರ್ಚಿ ತಿಂದ್ರ ಆಗೂ ಖರ್ಚು. ಜಾಹೀರಾತು ಇಲ್ಲ. ಖಾತೆ ತಗೀಬೇಕಾದ್ರ ಹೆಸರು ಕೇಳಂಗಿಲ್ಲ, ವಿಳಾಸ ಕೇಳಂಗಿಲ್ಲ. ಕಸದ ಪತ್ರಕ್ಕ ಬ್ಯಾರೆ ಡಬ್ಬಿ ಸುದ್ಧಾ ಇಟ್ಟಿಲ್ಲ, ಅಂಥವನ್ನ ಬಾಗಿಲದಾಗಿಂದನ ಹೊಳ್ಳಿಸ್ತಾರ. ರೊಕ್ಕ ನಾವು ಕೊಡ್ತೀವಿ, ಹಿಂಗಾಗಿ ಗಿರಾಕಿ ನಾವು. ಫುಕಟ ಕೊಡೂವಲ್ಲೆ ಗಿರಾಕಿ ಜಾಹೀರಾತಿನಾಂವ, ನಾವು ಅಂಗಡ್ಯಾಗಿನ ಮಾಲು. ಯೂರೋ ತುಂಬೂದು ಎಲ್ಲಾರಿಗೂ ಆಗಂಗಿಲ್ಲ, ಒಪ್ಪತೀನಿ. ನಮ್ಮ ಕಡೆ ಚೆನ್ನೈದವರ ಝೋಹೊ ಅದ, ಅದೇನ ಸಣ್ಣದಲ್ಲ, ಆದ್ರ ಜಾಹೀರಾತು ಹಾಕಂಗಿಲ್ಲ. ಯಾವದರೆ ಇರಲಿ, ವಿಚಾರ ಮಾಡಿ ಆರಿಸಿರಿ, ಫೋನಿನ ಜೋಡಿ ಬಂತು ಅಂತ ಇಟಗೋಬ್ಯಾಡ್ರಿ.

ಇನ್ನ ಪತ್ರ ಓದೂ ರೀತಿ. ಎರಡು ದಾರಿ ಅವ. ಒಂದು, ಬ್ರೌಸರಿನ್ಯಾಗ ಹೋಗಿ ಓದೂದು, ಅದಕ್ಕ ವೆಬ್‌ಮೇಲ್ ಅಂತಾರ. ಎಲ್ಲೆ ಹೋದ್ರೂ ಆಗತದ, ಊರಿಗೆ ಹೋದಾಗ ಅನುಕೂಲ. ಆದ್ರ ಮಂದಿ ಕಂಪ್ಯೂಟರಿನ್ಯಾಗ ನೋಡಿದ್ರ ಲಾಗೌಟ್ ಮಾಡಿ ಏಳ್ರಿ. ಇನ್ನೊಂದು, ಮನಿ ಕಂಪ್ಯೂಟರಿನ್ಯಾಗ ಥಂಡರ್‌ಬರ್ಡ್ ಅನ್ನೂದನ್ನ ಹಾಕ್ಕೊಳ್ಳೂದು. ಫುಕಟ ಅದ, ಮಂದಿ ಕೊಡೂ ದೇಣಿಗಿ ಮ್ಯಾಲೆ ನಡೀತದ, ಹಿಂಗಾಗಿ ನನ್ನ ಮಾತಿಗೆ ಇದು ಅಡ್ಡ ಅಲ್ಲ. ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ರ ಉಳಿದದ್ದನ್ನ ಬಹಳ ಸಲ ತಾನ ಹುಡುಕ್ಕೋತದ.

ಅದರಾಗ ಐಮ್ಯಾಪ್, ಪಾಪ್ ಅಂತ ಎರಡು ಶಬ್ದ ಬರತಾವ. ಅಂಜಬ್ಯಾಡ್ರಿ. ಹುಬ್ಬಳ್ಳಿ-ಧಾರವಾಡದಾಗ ನೀರಿಗೆ ಕಾದಾಕಿಗೆ ಇದು ಒಂದ ನಿಮಿಷದಾಗ ತಿಳೀತದ. ಐಮ್ಯಾಪ್ ಅಂದ್ರ ಮಾಳಗಿ ಮ್ಯಾಲಿನ ಟಾಕಿ. ಫೋನು, ಕಂಪ್ಯೂಟರು ಎಲ್ಲಾ ಅದಕ್ಕ ಹಚ್ಚಿದ ನಳ. ಎಲ್ಲೆ ತಿರುವಿದ್ರೂ ಅದ ನೀರು, ಒಂದು ಕಡೆ ಪತ್ರ ಅಳಿಸಿದ್ರ ಎಲ್ಲಾ ಕಡೆನೂ ಹೋಗತದ. ಪಾಪ್ ಅಂದ್ರ ನೀರು ಬಂದಾಗ ನಮ್ಮ ಹಂಡೆ, ಬ್ಯಾರಲ್ ತುಂಬಿ ಇಟಗೊಂಡಂಗ. ನಾ ಐಮ್ಯಾಪ್ ಇಟ್ಟೀನಿ, ಆದ್ರ ಮುಖ್ಯ ಪತ್ರ ಬಂದ ಕೂಡಲೇ ಥಂಡರ್‌ಬರ್ಡಿನ್ಯಾಗ 'ಲೋಕಲ್ ಫೋಲ್ಡರ್ಸ್' ಅನ್ನೂದಕ್ಕ ಒಂದು ಪ್ರತಿ ಕಾಪಿ ಮಾಡ್ತೀನಿ. ಟಾಕಿ ಬರಿದಾದ್ರೂ ಹಂಡೇದಾಗ ನೀರು ಇರತದ. ನೆಟ್ ಇರದಿದ್ರೂ ಓದಬಹುದು. ಕಂಪ್ಯೂಟರ್ ಕೆಟ್ರ ಅಂತ ವರ್ಷಕ್ಕೊಮ್ಮೆ ಪೆನ್‌ಡ್ರೈವಿಗೆ ಇಳಿಸಿ ಪಾತಾಳ ಗರಡಿ ಹಾಕಿದ್ರೂ ಸಿಗದಂಗಲ್ಲ, ಕೈಗೆ ಸಿಗೂಹಂಗ ಕಪಾಟಿನ್ಯಾಗ ಇಡ್ತೀನಿ.

ಸಣ್ಣ ಕಚೇರಿಗೆ ಕುಂದು ಇಲ್ಲಂತಲ್ಲ. ತುಂಬಿದ ರೊಕ್ಕ ಮುಗದು ಹೊಳ್ಳಿ ತುಂಬಲಿಲ್ಲಂದ್ರ ಡಬ್ಬಿ ಬಂದ್. ಹೆಸರ ಕೇಳದವರಿಗೆ ಪಾಸ್‌ವರ್ಡ್ ಮರತು "ಅದು ನಂದ ರೀ" ಅಂದ್ರ ಹ್ಯಾಂಗ ನಂಬಬೇಕು? ಹಿಂಗಾಗಿ ಜವಾಬ್ದಾರಿ ನಮ್ಮ ಮ್ಯಾಲೆ. ಇದಕ್ಕ ಅಂಜತೀರೇನು? ಮನಿ ಕೀಲಿಕೈ, ತಿಜೋರಿ ಕೀಲಿಕೈ, ಮಗಳ ಬಂಗಾರ, ಎಲ್ಲಾ ಸಂಭಾಳಿಸಿದ ಕೈ ಇವು. "ನಿನಗ ತಿಳಿಯಂಗಿಲ್ಲ ಬಿಡವಾ, ನಾ ನೋಡ್ತೀನಿ" ಅಂತ ಮಗ ಪ್ರೀತಿಲೇ ಅಂತಾನ, ಖರೇ. ಆದ್ರ ಆ ಪ್ರೀತಿ ನಮ್ಮನ್ನ ಕುರುಡ ಮಾಡಬಾರದು. ಮಗ ಹಾಕಿಕೊಡಲಿ, ತೋರಿಸಿಕೊಡಲಿ. ಪಾಸ್‌ವರ್ಡ್ ಬಡಿಯೂವಾಗ ಆ ಕಡೆ ಮಾರಿ ತಿರುವಲಿ.

ಈ ವಾರನ ಮೂರು ಕೆಲಸ ಮಾಡ್ರಿ. ನಿಮ್ಮ ಹೆಸರಿಗೆ ಒಂದು ವಿಳಾಸ ತಗೀರಿ. ಬ್ಯಾಂಕು, ವಿಮಾ, ಗ್ಯಾಸು, ಆಧಾರ್ ಎಲ್ಲಾ ಕಡೆ ಅದನ್ನ ಬದಲಿ ಮಾಡಸ್ರಿ. ಪಾಸ್‌ವರ್ಡನ್ನ ನಿಮ್ಮ ಕೈಲೇ ಚೀಟಿ ಮ್ಯಾಲೆ ಬರದು, ಲಕೋಟಿ ಅಂಟಿಸಿ, ಬಾಂಡ್ ಕಾಗದದ ಜೋಡಿ ಇಟ್ಟು, ಎಲ್ಲೆ ಇಟ್ಟೀನಿ ಅಂತ ನಂಬೂ ಒಬ್ಬರಿಗೆ ಹೇಳ್ರಿ. ನಿಮ್ಮವರಿಗೂ ಅವರ ಲಕೋಟಿ ಮಾಡಸ್ರಿ, ಒಬ್ಬರ ಮ್ಯಾಲೆ ಎಲ್ಲಾ ಭಾರ ಬ್ಯಾಡ. ಆಮ್ಯಾಲೆ ನಿಮ್ಮ ಹೊಸಾ ವಿಳಾಸದಿಂದ ನನಗ ಕನ್ನಡದಾಗ ಎರಡು ಸಾಲು ಬರೀರಿ. ಗುಲಾಬಿ ಹೂವ ಕಳಸಬ್ಯಾಡ್ರಿ, ನಿಮ್ಮ ಮನಿ ಸುದ್ದಿ ಬರೀರಿ.