ಹಾಲು ಬಿಟ್ಟವರನ್ನು ಹಂಗಿಸುವ ಮೊದಲು



ಕಳೆದ ದಶಲಕ್ಷಣ ಪರ್ವದ ಉಪವಾಸ ಮುಗಿದು ನಮ್ಮ ಮನೆಯಲ್ಲಿ ಪಾರಣೆ ನಡೆದ ದಿನ, ನನ್ನ ಮೊಮ್ಮಗಳು ಪಾಯಸ ಬೇಡವೆಂದಳು. ಹಾಲು, ಮೊಸರು, ತುಪ್ಪಗಳನ್ನು ಬಿಟ್ಟಿರುವುದಾಗಿ ಹೇಳಿದಳು. ಪಂಕ್ತಿಯಲ್ಲಿದ್ದವರು ನಕ್ಕರು. ಹಿರಿಯರೊಬ್ಬರು, "ಜೈನರಿಗೇ ಅಹಿಂಸೆ ಕಲಿಸುವಷ್ಟು ದೊಡ್ಡವಳಾದೆಯೇನಮ್ಮಾ?" ಎಂದರು. ಹುಡುಗಿ ಎಲೆಯ ಮುಂದೆ ತಲೆ ತಗ್ಗಿಸಿದಳು. ನಾನೂ ಸುಮ್ಮನಿದ್ದೆ. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇನೆ. ಉತ್ತರ ಕೊಡಬೇಕಾದವರು ಹಾಲು ಬಿಟ್ಟವರಲ್ಲ, ಕುಡಿಯುವ ನಾವು ಎಂಬುದೇ ನನ್ನ ವಾದ.

ನಾನು ಬಿ.ಕಾಂ. ಮುಗಿಸಿ ಮಾಲೂರು ಸೀಮೆಯಲ್ಲಿ ಬೂಸಾ, ಹಿಂಡಿಗಳ ವ್ಯಾಪಾರ ಮಾಡಿಕೊಂಡು ಬಂದವನು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಹಾಲು ಮತ್ತು ರೇಷ್ಮೆ ಮಾತ್ರ ಈ ಜಿಲ್ಲೆಯ ಕೈಬಿಡಲಿಲ್ಲ. ಕಲ್ಲಿನಲ್ಲಿ ದೇವರನ್ನು ಕಡೆಯುವ ಶಿಲ್ಪಿಗಳಿಂದ ಹೆಸರಾದ ಶಿವಾರಪಟ್ಟಣದಲ್ಲಿಯೂ ನನಗೆ ಗಿರಾಕಿಗಳಿದ್ದರು. ವಸೂಲಿಗೆ ಹೋದ ಒಂದು ಬೆಳಿಗ್ಗೆ ಅಲ್ಲಿನ ಕೊಟ್ಟಿಗೆಯೊಂದರಲ್ಲಿ ಮಿಶ್ರತಳಿಯ ಗಂಡುಕರುವನ್ನು ಮೊಳದುದ್ದದ ಹಗ್ಗದಲ್ಲಿ ಕಟ್ಟಿದ್ದರು. ಎದುರಿಗೇ ತಾಯಿಯ ಹಾಲು ಕ್ಯಾನಿಗೆ ಇಳಿಯುತ್ತಿತ್ತು. "ಗಂಡು ಹುಟ್ಟಿಬಿಡ್ತು ಸ್ವಾಮಿ, ಏನ್ಮಾಡೋದು?" ಎಂದ ರೈತ. ಮುಂದಿನ ಸಲ ಹೋದಾಗ ಕರು ಇರಲಿಲ್ಲ. ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಬಾಕಿ ಎಣಿಸಿಕೊಂಡು ಬಂದೆ.

ಆ ರೈತನನ್ನು ದೂರುವ ಅಧಿಕಾರ ನನಗಿಲ್ಲ. ಅವನಿಗೆ ಹಿಂಡಿ ಮಾರಿದವನು ನಾನು, ಹಾಲು ಕುಡಿದವನೂ ನಾನು. ಲೆಕ್ಕವನ್ನಾದರೂ ನೇರವಾಗಿ ನೋಡೋಣ. ಹಸು ಕರು ಹಾಕದೆ ಹಾಲಿಲ್ಲ. ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧ ಗಂಡು. ಉಳುಮೆಗೆ ಟ್ರ್ಯಾಕ್ಟರು, ಗರ್ಭಧಾರಣೆಗೆ ಕೃತಕ ವಿಧಾನ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಹೆಣ್ಣುಕರುವೇ ಹೆಚ್ಚಾಗಿ ಹುಟ್ಟುವಂತೆ ವಿಂಗಡಿಸಿದ ವೀರ್ಯ ಈಗ ದೊರೆಯುತ್ತದೆಯಾದರೂ, ಗೊಡ್ಡುಬಿದ್ದ ಹಸುವಿನ ಪ್ರಶ್ನೆಗೆ ಅದು ಉತ್ತರವಲ್ಲ. ಗೋಹತ್ಯೆಯನ್ನು ಕರ್ನಾಟಕದ 2020ರ ಕಾಯಿದೆ ನಿಷೇಧಿಸಿದೆಯಲ್ಲ ಎನ್ನುವವರಿದ್ದಾರೆ. ಆ ಕಾಯಿದೆಯೇ 13 ವರ್ಷ ದಾಟಿದ ಎಮ್ಮೆಗೆ ರಕ್ಷಣೆ ಕೊಟ್ಟಿಲ್ಲ. ಅಲ್ಲದೆ, ಕಾಯಿದೆ ಬಂದ ಮಾತ್ರಕ್ಕೆ ಕರುವಿನ ಹೊಟ್ಟೆ ತುಂಬುವುದಿಲ್ಲ.

ನಮ್ಮ ಶಾಸ್ತ್ರ ಏನೆನ್ನುತ್ತದೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ತಾಯಿಯ ಎದುರಿನಲ್ಲಿಯೇ ಕರುವನ್ನು ಕಟ್ಟಿ ಅದರ ಪಾಲನ್ನು ತಪ್ಪಿಸುವುದು ಇವುಗಳಲ್ಲಿ ಮೊದಲನೆಯದೂ ಹೌದು, ಕೊನೆಯದೂ ಹೌದು. ಕಟ್ಟಿದವರು ನಾವಲ್ಲವೆನ್ನುವಂತಿಲ್ಲ, ಕೃತ, ಕಾರಿತ, ಅನುಮೋದನಗಳೆಂಬ ಮೂರು ಬಾಗಿಲುಗಳಿಂದಲೂ ಪಾಪಾಸ್ರವವಾಗುತ್ತದೆಂದು ಮಕ್ಕಳಿಗೆ ಪಾಠ ಹೇಳುವವರು ನಾವೇ.

"ಇದು ಪರದೇಶದ ಫ್ಯಾಷನ್" ಎಂಬುದು ಇನ್ನೊಂದು ಆಕ್ಷೇಪ. ವೀಗನ್ ಎಂಬ ಪದ 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತೆಂಬುದು ನಿಜ. ಆದರೆ ರಸಪರಿತ್ಯಾಗವು ನಮ್ಮ ಬಾಹ್ಯ ತಪಸ್ಸುಗಳಲ್ಲಿ ಒಂದು; ತ್ಯಜಿಸುವ ರಸಗಳಲ್ಲಿ ಹಾಲು, ಮೊಸರು, ತುಪ್ಪ ಸೇರಿವೆ. ಅಲ್ಲಿ ಉದ್ದೇಶ ಇಂದ್ರಿಯನಿಗ್ರಹ, ಇಲ್ಲಿ ಜೀವದಯೆ, ಇಷ್ಟೇ ಭೇದ. ಹಾಲು ಬಿಟ್ಟ ಮುನಿಗೆ ಕೈಮುಗಿಯುವ ನಾವು ಹಾಲು ಬಿಟ್ಟ ಮೊಮ್ಮಗಳನ್ನು ನೋಡಿ ನಗುವುದು ಯಾವ ನ್ಯಾಯ? "ಕರು ಕುಡಿದು ಮಿಕ್ಕದ್ದನ್ನೇ ನಮ್ಮ ಹಿರಿಯರು ಕರೆಯುತ್ತಿದ್ದರು" ಎನ್ನುವವರು ಇಂದಿನ ಪ್ಯಾಕೆಟ್ಟಿನ ಹಾಲು ಯಾವ ಕರು ಕುಡಿದು ಮಿಕ್ಕದ್ದೆಂದು ತೋರಿಸಲಿ. ಗೋಶಾಲೆಗೆ ದಾನ ಕೊಡುವುದು ಪುಣ್ಯಕಾರ್ಯವೇ. ಆದರೆ ಒಂದು ಕೈಯಿಂದ ಅನಾಥವಾಗಿಸಿ ಇನ್ನೊಂದು ಕೈಯಿಂದ ಮೇವು ಹಾಕಿದರೆ ಜಮಾಖರ್ಚು ಸರಿಹೋಗದು.

ಕಿರಿಯರಿಗೂ ಒಂದು ಮಾತು. ಊಟಕ್ಕೆ ಕುಳಿತವರ ಎಲೆಯನ್ನು ತೋರಿಸಿ "ಇದು ಪಾಪ" ಎಂದರೆ ಅದೂ ಹಿಂಸೆಯೇ. ಹಿತವಾಗಿ, ಮಿತವಾಗಿ, ಪ್ರಿಯವಾಗಿ ನುಡಿಯಿರಿ. ಕೇಳಿದವರಿಗೆ ಬಿಡುವಿನಲ್ಲಿ ವಿವರಿಸಿ. ಎರಡು ಹಸುಗಳ ಹಾಲಿನಿಂದ ಮಕ್ಕಳನ್ನು ಓದಿಸುವ ಬಡ ರೈತನ ದೃಷ್ಟಿಯೂ ಒಂದು ನಯ, ಅನೇಕಾಂತವನ್ನು ಮರೆಯಬೇಡಿ. ಅಜ್ಜಿ ಆತಂಕಪಟ್ಟರೆ ಅದನ್ನು ವಿರೋಧವೆಂದು ತಿಳಿಯಬೇಡಿ. ನಮ್ಮ ನೆಲದ ರಾಗಿಯಲ್ಲಿ, ಎಳ್ಳಿನಲ್ಲಿ ಸುಣ್ಣದ ಅಂಶ ಧಾರಾಳವಾಗಿದೆಯೆಂದು ಆಕೆಗೆ ತಿಳಿಸಿ. ಬಿ-12 ಜೀವಸತ್ತ್ವ ಮಾತ್ರ ಇವುಗಳಿಂದ ದೊರೆಯದು. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ.

ನಾನು ಹಾಲನ್ನೂ ತುಪ್ಪವನ್ನೂ ಬಿಟ್ಟಿದ್ದೇನೆ. ಅರುವತ್ತು ದಾಟಿದ ನಾಲಗೆ ಮಜ್ಜಿಗೆಯನ್ನು ಇನ್ನೂ ಬಿಟ್ಟಿಲ್ಲವೆಂದು ನಾಚಿಕೆಯಿಂದಲೇ ಒಪ್ಪುತ್ತೇನೆ. ಪೂರ್ಣ ತ್ಯಾಗ ಎಲ್ಲರಿಗೂ ಒಮ್ಮೆಲೇ ಸಾಧ್ಯವಿಲ್ಲವೆಂದೇ ಅಲ್ಲವೆ ಶ್ರಾವಕರಿಗೆ ಅಣುವ್ರತವನ್ನು ವಿಧಿಸಿರುವುದು? ಬರುವ ಪರ್ವದ ಹತ್ತು ದಿನವಾದರೂ ಹಾಲನ್ನು ಬಿಟ್ಟು ನೋಡೋಣ. ನಮ್ಮ ಮನೆಯ ಪಾರಣೆಗೆ ಈ ಸಲ ಕಾಯಿಹಾಲಿನ ಪಾಯಸವೆಂದು ನನ್ನ ಮನೆಯವರು ಆಗಲೇ ಹೇಳಿದ್ದಾರೆ. ಅಂದು ನಕ್ಕ ಹಿರಿಯರನ್ನೂ ಕರೆದಿದ್ದೇವೆ.