ಸೋತದ್ದು ಕನ್ನಡ ಮಾಧ್ಯಮವಲ್ಲ

ಪದವಿ ತರಗತಿಯ ಮೊದಲ ವರ್ಷ ಮುಗಿಯುವ ಹೊತ್ತಿಗೆ ನಮ್ಮ ಕಾಸರಗೋಡಿನ ಅನೇಕ ಮನೆಗಳಲ್ಲಿ ಒಂದು ತೀರ್ಪು ಹೊರಬೀಳುತ್ತದೆ: ‘ಹಿರಿಯವನನ್ನು ಕನ್ನಡ ಮಾಧ್ಯಮದಲ್ಲಿ ಓದಿಸಿದ್ದು ಸಾಕು, ಕಿರಿಯವಳನ್ನಾದರೂ ಇಂಗ್ಲಿಷಿಗೆ ಹಾಕೋಣ.’ ಹತ್ತನೆಯ ತರಗತಿ ಮುಗಿಸಿ ಸಂಘದ ವೇದಿಕೆಯಲ್ಲಿ ಶಾಲು ಹೊದ್ದು ಪುರಸ್ಕಾರ ಪಡೆದ ಮಗುವೇ ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯಗಳಲ್ಲಿ ಹಿಂದೆ ಬಿದ್ದರೆ ಹೆತ್ತವರು ಕಂಗೆಡುವುದು ಸಹಜ. ಆದರೂ ಆ ತೀರ್ಪು ತಪ್ಪು. ಮೊದಲ ವರ್ಷ ಕಲಿಸುವ ಪಾಠ ಅದಲ್ಲವೆಂದು ನಾವು ಬಲವಾಗಿ ನಂಬುತ್ತೇವೆ.

ಅದೇ ತರಗತಿಯ ಅದೇ ಬೆಂಚಿನಲ್ಲಿ ಮಲಯಾಳ ಮಾಧ್ಯಮದಲ್ಲಿ ಓದಿ ಬಂದ ಮಗುವೂ ಕುಳಿತಿರುತ್ತದೆ. ಪಠ್ಯಪುಸ್ತಕದ ಇಂಗ್ಲಿಷು ಅದಕ್ಕೂ ಕಬ್ಬಿಣದ ಕಡಲೆಯೇ. ಆದರೆ ಅದರ ಮನೆಯಲ್ಲಿ ಯಾರೂ ಮಲಯಾಳ ಮಾಧ್ಯಮವನ್ನು ಮುಚ್ಚಬೇಕೆನ್ನುವುದಿಲ್ಲ. ಇಂಗ್ಲಿಷಿನಲ್ಲಿ ಆರಂಭವಾದ ಪಾಠ, ವಿಷಯ ಕಠಿಣವಾದಾಗ, ಮಲಯಾಳಕ್ಕೆ ಹೊರಳುತ್ತದೆ. ಕಚೇರಿಯ ಗುಮಾಸ್ತರು, ಸೂಚನಾ ಫಲಕ, ಮೊಬೈಲಿಗೆ ಬರುವ ಪ್ರಕಟಣೆ, ಹಿರಿಯ ವಿದ್ಯಾರ್ಥಿಗಳ ಬುದ್ಧಿವಾದ, ಎಲ್ಲವೂ ಆ ಮಗುವಿನ ಭಾಷೆಯಲ್ಲೇ ಇವೆ. ನಮ್ಮ ಮಗು ಇಂಗ್ಲಿಷಿನೊಡನೆ ಸೆಣಸುವಾಗಲೇ ಇನ್ನೊಂದು ಗೋಡೆಯನ್ನೂ ಹತ್ತಬೇಕಾಗುತ್ತದೆ. ಎರಡು ಹೊರೆ ಹೊತ್ತವನನ್ನು ಒಂದೇ ಹೊರೆ ಹೊತ್ತವನೊಡನೆ ಓಡಿಸಿ, ಹಿಂದುಳಿದಾಗ ‘ಕಾಲು ಸರಿಯಿಲ್ಲ’ ಎನ್ನುವುದು ಯಾವ ನ್ಯಾಯ?

ಆ ಎರಡನೆಯ ಗೋಡೆ ಎಂಥದೆಂಬುದು ಹೊರಗಿನವರಿಗೆ ತಿಳಿಯದು. ‘ನಿಮ್ಮ ಮಕ್ಕಳಿಗೆ ಮಲಯಾಳ ಬರುತ್ತದಲ್ಲ’ ಎನ್ನುತ್ತಾರೆ. ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆದ ಮಗುವಿಗೆ ಕಚೇರಿಯ ಬರಹದ ಮಲಯಾಳ ಬೇರೆಯೇ ಭಾಷೆ. ಇನ್ನೊಬ್ಬರು ಓದಿ ಹೇಳಿದರೂ ಸಂಸ್ಕೃತ ಮೂಲದ ಪದಗಳು ಮೋಸಗೊಳಿಸುತ್ತವೆ. ಮಲಯಾಳದಲ್ಲಿ ‘ಅವಧಿ’ ಎಂದರೆ ರಜೆ. ನಮಗೆ ಅದು ಕಾಲಮಿತಿ. ಅಲ್ಲಿ ‘ಅಪೇಕ್ಷ’ ಎಂದರೆ ಅರ್ಜಿ. ನಮಗೆ ಅದು ಬಯಕೆ. ನಗು ತರಿಸುವ ಸಂಗತಿಯೇ ಸರಿ, ಆದರೆ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಕಳೆದುಹೋದ ಮಗುವಿಗೆ ನಗು ಬಾರದು. 2024ರಲ್ಲಿ ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ ನಾಲ್ಕು ವರ್ಷಗಳ ಪದವಿ ಕ್ರಮ ಜಾರಿಗೆ ಬಂದ ಮೇಲೆ ಆರಂಭದಲ್ಲೇ ಬಗೆಬಗೆಯ ಕೋರ್ಸುಗಳನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕಾಗಿದೆ. ಪ್ರಕಟಣೆ ಓದಲಾರದವನು ಏನನ್ನು ಆರಿಸಿಯಾನು? ಗೆಳೆಯ ಗುರುತು ಹಾಕಿದ ಚೌಕದಲ್ಲೇ ತಾನೂ ಗುರುತು ಹಾಕಿ ಬರುತ್ತಾನೆ.

ಇನ್ನು ಕನ್ನಡದಲ್ಲಿ ಕಲಿತ ವಿದ್ಯೆ ವ್ಯರ್ಥವೆಂಬ ಮಾತು. ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಎಂದರೇನೆಂದು ಅಡಿಕೆಯ ಮತ್ತು ಅಕ್ಕಿಯ ಬೆಲೆಯನ್ನು ಹೋಲಿಸಿ ಅರಿತುಕೊಂಡ ಮಗುವಿಗೆ ‘ಇಲ್ಯಾಸ್ಟಿಸಿಟಿ’ ಎಂಬ ಪದವನ್ನು ಕಲಿಯಲು ಒಂದು ಸಂಜೆ ಸಾಕು. ಜಡತ್ವ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆಗಳ ವಿಷಯವೂ ಅಷ್ಟೆ. ಅರ್ಥ ಗೊತ್ತಿರುವವನಿಗೆ ಹೆಸರು ಕಲಿಸುವುದು ಸುಲಭ. ಹೆಸರನ್ನಷ್ಟೇ ಬಾಯಿಪಾಠ ಮಾಡಿದವನಿಗೆ ಅರ್ಥ ತಿಳಿಸುವುದು ಅಷ್ಟು ಸುಲಭವಲ್ಲ. ಕಷ್ಟವಿರುವುದು ಬೇರೆಡೆ: ಇಂಗ್ಲಿಷಿನಲ್ಲಿ ಪ್ರಶ್ನೆಯನ್ನು ಕಟ್ಟಲಾರದೆ ನಮ್ಮ ಮಕ್ಕಳು ಸುಮ್ಮನಿದ್ದುಬಿಡುತ್ತಾರೆ. ಆ ಮೌನವನ್ನು ಅಧ್ಯಾಪಕರು ದಡ್ಡತನವೆಂದು ತಿಳಿಯುತ್ತಾರೆ. ಕ್ರಮೇಣ ಮಗುವೂ ಹಾಗೆಯೇ ನಂಬುತ್ತದೆ.

‘ಮಂಗಳೂರಿಗೆ ಹೋದರಾಯಿತು’ ಎನ್ನುವವರೂ ಇದ್ದಾರೆ. ಅನುಕೂಲವುಳ್ಳವರು ಹೋಗಲಿ. ಪಾಠ ಅಲ್ಲಿಯೂ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೂ ಸಂಶಯವನ್ನು ಕನ್ನಡದಲ್ಲಿ ಕೇಳಬಹುದಾದ್ದರಿಂದ ನಮ್ಮ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ. ಕೊರತೆ ಮಾಧ್ಯಮದ್ದಲ್ಲ, ಆಸರೆಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಿರಿಯವನ ಒಂದು ಸೆಮಿಸ್ಟರಿನ ಅಂಕ ನೋಡಿ ಕಿರಿಯವಳನ್ನು ಕನ್ನಡ ಶಾಲೆಯಿಂದ ಬಿಡಿಸುವವರು ಇನ್ನೊಂದನ್ನೂ ಯೋಚಿಸಬೇಕು. ಕೇರಳದಲ್ಲಿ ಅಧ್ಯಾಪಕ ಹುದ್ದೆಗಳು ಮಕ್ಕಳ ಸಂಖ್ಯೆಯ ಲೆಕ್ಕದಲ್ಲಿ ನಿಲ್ಲುತ್ತವೆ. ಹತ್ತು ಮನೆಗಳವರು ಹೀಗೆ ಮಾಡಿದರೆ ಒಂದು ಕನ್ನಡ ಡಿವಿಜನ್ ಅಪಾಯಕ್ಕೆ ಸಿಲುಕುತ್ತದೆ. ಡಿವಿಜನ್ ಹೋದರೆ ಹುದ್ದೆ ಹೋಗುತ್ತದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ಬೀದಿಗಿಳಿದು ಪ್ರತಿಭಟಿಸಿದವರು ನಾವು. ತರಗತಿಯಲ್ಲಿ ಮಕ್ಕಳೇ ಇಲ್ಲದಿದ್ದರೆ ಯಾವ ಬಾಯಿಯಿಂದ ಪ್ರತಿಭಟಿಸುವುದು?

ಆದ್ದರಿಂದ ಈ ಸಮ್ಮೇಳನದ ಮುಂದೆ ನಾವಿಡುವ ಬೇಡಿಕೆ ಗೋಷ್ಠಿಯ ನಿರ್ಣಯವಲ್ಲ, ಕೆಲಸ. ಪ್ಲಸ್ ಟು ಫಲಿತಾಂಶಕ್ಕೂ ಪದವಿ ತರಗತಿಗಳ ಆರಂಭಕ್ಕೂ ನಡುವೆ ಕೆಲವು ವಾರಗಳ ಬಿಡುವಿದೆ. ಆ ಬಿಡುವಿನಲ್ಲಿ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳಲ್ಲಿ ಸಂಘದ ನಿವೃತ್ತ ಅಧ್ಯಾಪಕರು ಶಿಬಿರ ನಡೆಸಲಿ. ಬೆಳಗ್ಗೆ ಆಯಾ ವಿಷಯದ ಪಾರಿಭಾಷಿಕ ಪದಗಳು, ಕನ್ನಡ ಮತ್ತು ಇಂಗ್ಲಿಷು ಎದುರುಬದುರಾಗಿ. ಮಧ್ಯಾಹ್ನ ಮಲಯಾಳ ಲಿಪಿ. ಮಲಯಾಳ ಕಲಿತರೆ ಕನ್ನಡಕ್ಕೆ ದ್ರೋಹವೆಂದು ಮುಖ ಸಿಂಡರಿಸುವ ಹಿರಿಯರಿಗೆ ನಮ್ಮ ನಮಸ್ಕಾರ. ಒತ್ತಾಯದ ಕಲಿಕೆಯನ್ನು ವಿರೋಧಿಸುವುದು ಬೇರೆ, ಓದಲಾರದೆ ಮೋಸಹೋಗುವುದು ಬೇರೆ. ಅಕ್ಷರಮಾಲೆಯ ಕ್ರಮ ನಮ್ಮದರಂತೆಯೇ ಇದೆ. ಕಷ್ಟವೇನೂ ಇಲ್ಲ.

ಜೊತೆಗೆ ಹಕ್ಕಿನ ಪಾಠವೂ ನಡೆಯಲಿ. ಕೇರಳದ ಭಾಷಾ ಕಾಯಿದೆಯಂತೆ, ಕನ್ನಡಿಗರು ಹೆಚ್ಚಾಗಿರುವ ಪ್ರದೇಶಗಳ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಸರ್ಕಾರಿ ಕಾಲೇಜಿನ ಕಚೇರಿ ಇದಕ್ಕೆ ಹೊರತೆಂದು ನಾವು ಒಪ್ಪುವುದಿಲ್ಲ. ಪ್ರವೇಶದ ಪ್ರಕಟಣೆಗಳನ್ನು ಕನ್ನಡದಲ್ಲೂ ಕೊಡಬೇಕೆಂದು ಈ ವರ್ಷ ನಮ್ಮ ಒಬ್ಬೊಬ್ಬ ವಿದ್ಯಾರ್ಥಿಯೂ ಕನ್ನಡದಲ್ಲೇ ಅರ್ಜಿ ಬರೆದು, ಕಚೇರಿಯಲ್ಲಿ ಕೊಟ್ಟು, ರಸೀದಿ ಕೇಳಿ ಪಡೆಯಲಿ. ರಸೀದಿಯ ಪ್ರತಿ ಸಂಘಕ್ಕೆ ತಲುಪಲಿ; ಉತ್ತರ ಬಾರದಿದ್ದಲ್ಲಿ ಮುಂದಿನ ಪತ್ರವನ್ನು ಸಂಘವೇ ಬರೆಯಲಿ.