ರೋಗಿಯ ಬಾಯಿರುಚಿ

ನಮ್ಮ ಪರಿಚಯದ ವೃದ್ಧರೊಬ್ಬರು ಎರಡು ವರ್ಷಗಳಿಂದ ಡಯಾಲಿಸಿಸ್ ಚಿಕಿತ್ಸೆಯಲ್ಲಿರುವರು. ವಾರಕ್ಕೆ ೩ ಸಲ, ಪ್ರತಿಸಲವೂ ಸುಮಾರು ೪ ಗಂಟೆಗಳ ಕಾಲ ಅವರ ರಕ್ತವು ಯಂತ್ರದಲ್ಲಿ ಹರಿದು ಶುದ್ಧವಾಗಬೇಕು. ಇದೆಲ್ಲವನ್ನೂ ಅವರು ಧೈರ್ಯದಿಂದ ಸಹಿಸಿದರು. ಆದರೆ ಕೆಲವು ತಿಂಗಳ ಹಿಂದೆ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನೂ, ಮೊಮ್ಮಗಳನ್ನು ತೊಡೆಯ ಮೇಲಿರಿಸಿಕೊಂಡು ಕಥೆ ಹೇಳುವುದನ್ನೂ ಬಿಟ್ಟುಬಿಟ್ಟರು. ಮುಪ್ಪಿನ ಸಿಡುಕೆಂದು ಮನೆಯವರು ತಿಳಿದರು. ನಾವು ವಿಚಾರಿಸಲಾಗಿ, “ನನ್ನ ಬಾಯಿಯ ವಾಸನೆಯನ್ನು ನಾನೇ ಸಹಿಸಲಾರೆ; ಮಗುವಿಗೇಕೆ ಆ ಹಿಂಸೆ?” ಎಂದರು.

ಇದು ಸಿಡುಕಲ್ಲ, ರೋಗದ ಫಲ. ಮೂತ್ರಪಿಂಡಗಳು ಹೊರಹಾಕಬೇಕಾದ ಯೂರಿಯಾ ಎಂಬ ಕಲ್ಮಷವು ರಕ್ತದಲ್ಲಿ ಉಳಿದು ಜೊಲ್ಲಿಗೂ ಸೇರುವುದು. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಮಾಡುವುವು. ದುರ್ವಾಸನೆಯೂ, ಲೋಹವನ್ನು ನೆಕ್ಕಿದಂತಹ ರುಚಿಯೂ ಹುಟ್ಟುವುದು ಇದರಿಂದಲೇ. ನೀರನ್ನು ಅಳೆದು ಕುಡಿಯಬೇಕಾದುದರಿಂದ ಬಾಯಿಯೂ ಒಣಗುವುದು. ಜೊಲ್ಲು ಕಡಿಮೆಯಾದಲ್ಲಿ ಹಲ್ಲು ಹುಳುಕಾಗಲು, ಒಸಡು ಊದಿಕೊಳ್ಳಲು ತಡವಿಲ್ಲ. ಬಾಯಿ ರುಚಿಸದವನು ಉಣ್ಣಲಾರನು. ಉಣ್ಣದವನು ದಿನದಿನಕ್ಕೆ ಸೊರಗುವನು. ರುಚಿಗೆಂದು ಮನೆಯವರು ಕನಿಕರದಿಂದ ಉಪ್ಪಿನಕಾಯಿ ಬಡಿಸಿದರೆ, ಅದರ ಉಪ್ಪು ಬಾಯಾರಿಕೆಯನ್ನು ಹೆಚ್ಚಿಸಿ ಮತ್ತಷ್ಟು ಕೇಡನ್ನುಂಟುಮಾಡುವುದು.

ಹಾಗಾದರೆ ಮಾಡತಕ್ಕದ್ದೇನು? ಮೃದುವಾದ ಬ್ರಷ್ಷನ್ನೂ ಫ್ಲೋರೈಡ್ ಇರುವ ಪೇಸ್ಟನ್ನೂ ಉಪಯೋಗಿಸಿ ದಿನಕ್ಕೆ ೨ ಸಲ ಹಲ್ಲುಜ್ಜಬೇಕು. ನಾಲಗೆಯನ್ನೂ ಮೆಲ್ಲಗೆ ಶುಚಿಮಾಡಬೇಕು. ಬಾಯಿ ಒಣಗಿದಾಗ ನೀರನ್ನು ಮುಕ್ಕಳಿಸಿ ಉಗುಳಬಹುದು. ಕಟ್ಟಿಸಿಕೊಂಡ ಹಲ್ಲುಗಳಿದ್ದರೆ ರಾತ್ರಿ ತೆಗೆದು ತೊಳೆದಿಡಬೇಕು.

ಒಸಡಿನಲ್ಲಿ ರಕ್ತ ಕಂಡರೆ ದಂತವೈದ್ಯರಲ್ಲಿಗೆ ಹೋಗಲು ಸಂಕೋಚಪಡಬಾರದು. ಡಯಾಲಿಸಿಸ್ ವಿಷಯವನ್ನು ಅವರಿಗೆ ಮೊದಲೇ ತಿಳಿಸಬೇಕು. ಯಂತ್ರದಲ್ಲಿ ರಕ್ತವು ಹೆಪ್ಪುಗಟ್ಟದಿರಲೆಂದು ಸಾಮಾನ್ಯವಾಗಿ ಹೆಪಾರಿನ್ ಎಂಬ ಔಷಧವನ್ನು ಕೊಡುವರು. ಅದೇ ದಿನ ಹಲ್ಲು ಕೀಳಿಸಿದರೆ ರಕ್ತವು ಬೇಗನೆ ನಿಲ್ಲದು. ಆದುದರಿಂದ ಮರುದಿನವೇ ಒಳ್ಳೆಯದು. ಹಲ್ಲುನೋವಿಗೆಂದು ಅಂಗಡಿಯಿಂದ ಗುಳಿಗೆ ತಂದು ನುಂಗಿಸುವುದು ಸರ್ವಥಾ ಸಲ್ಲದು. ಐಬುಪ್ರೊಫೇನ್ ಮೊದಲಾದುವು ಮೂತ್ರಪಿಂಡಗಳಲ್ಲಿ ಉಳಿದಿರುವ ಅಲ್ಪ ಶಕ್ತಿಯನ್ನೂ ಕೆಡಿಸಬಹುದು. ಮೂತ್ರಪಿಂಡದ ಕಸಿಗೆ ಕಾದಿರುವವರಂತೂ ಹಲ್ಲಿನ ಸೋಂಕನ್ನು ಮುಂಚಿತವಾಗಿಯೇ ವಾಸಿಮಾಡಿಕೊಳ್ಳಬೇಕು. ಏಕೆಂದರೆ ಕಸಿಯ ತರುವಾಯ ಕೊಡುವ ಔಷಧಗಳು ಸೋಂಕನ್ನು ಎದುರಿಸುವ ದೇಹಶಕ್ತಿಯನ್ನು ತಗ್ಗಿಸುವುವು.

ನಮ್ಮ ಆ ಹಿರಿಯರ ಒಸಡಿಗೆ ಚಿಕಿತ್ಸೆಯಾಯಿತು. ವಾಸನೆಯು ಪೂರ್ಣವಾಗಿ ಹೋಗಿಲ್ಲ. ಆದರೂ ಬಹಳ ಇಳಿದಿದೆ. ಈಗ ಎಲ್ಲರೊಡನೆ ಎಲೆಯ ಮುಂದೆ ಕುಳಿತು ಎರಡು ತುತ್ತು ಹೆಚ್ಚಾಗಿಯೇ ಉಣ್ಣುವರು. ಮೊಮ್ಮಗಳಿಗೆ ಅರ್ಧಕ್ಕೆ ನಿಂತಿದ್ದ ಕಥೆಯೂ ದೊರೆಯಿತು. ಮನೆಯಲ್ಲಿ ಇಂತಹ ರೋಗಿಗಳಿರುವ ವಾಚಕರು ಔಷಧವಾಯಿತೇ ಎಂದು ಕೇಳುವಾಗ, ಬಾಯಿ ಹೇಗಿದೆಯೆಂದೂ ಒಮ್ಮೆ ಕೇಳಬೇಕೆಂಬುದೇ ನಮ್ಮ ಬಿನ್ನಹ.